ಬಿಡುಗಡೆಯಾಗದ, ಕಳೆದುಹೋದ ಹಳೆಯ ಕಂಪ್ಯೂಟರ್ ಆಟಗಳ ಚರಿತ್ರೆಯನ್ನು ಉಳಿಸಿಕೊಳ್ಳುವ ಬಗೆ: ಬಳ್ಳಾರಿ, ರಾಯಚೂರು, ಕೊಪ್ಪಳದ ಆಸಕ್ತರಿಗೊಂದು ಸಮಗ್ರ ಮಾರ್ಗದರ್ಶಿ

ಅಂಗಡಿಯಲ್ಲಿ ಮಾರಾಟವಾದ ಕಂಪ್ಯೂಟರ್ ಆಟದ ಪ್ರತಿಗಳು ಊರೂರಿಗೆ ಹಂಚಿಹೋಗಿರುತ್ತವೆ. ಒಂದು ಹಾಳಾದರೆ ಇನ್ನೊಂದನ್ನು ಹುಡುಕಬಹುದು. ಬಿಡುಗಡೆಯಾಗದ ಆಟಕ್ಕೆ ಆ ಭಾಗ್ಯವಿಲ್ಲ. ಅದನ್ನು ಬರೆದವರ ಮನೆಯ ಅಟ್ಟದಲ್ಲೋ, ನಿವೃತ್ತ ನೌಕರರೊಬ್ಬರ ಟ್ರಂಕಿನಲ್ಲೋ ಉಳಿದಿರುವ ಒಂದು ಫ್ಲಾಪಿಯೇ (ಹಿಂದೆ ಕಂಪ್ಯೂಟರ್ ಫೈಲುಗಳನ್ನು ಇಡುತ್ತಿದ್ದ ತೆಳು ಕಾಂತೀಯ ತಟ್ಟೆ) ಅದರ ಸರ್ವಸ್ವವಾಗಿರುತ್ತದೆ. ಈ ಮಾರ್ಗದರ್ಶಿಯ ಎಲ್ಲ ಸೂಚನೆಗಳೂ ಈ ಒಂದು ಸಂಗತಿಯಿಂದಲೇ ಹೊರಟಿವೆ: ಕೈಗೆ ಬಂದಿರುವುದು ಲೋಕದಲ್ಲಿ ಉಳಿದಿರುವ ಏಕೈಕ ಪ್ರತಿ ಎಂದೇ ಭಾವಿಸಿ, ಅದರಿಂದ ಏನನ್ನೂ ಕಳೆಯದ, ಅದಕ್ಕೆ ಏನನ್ನೂ ಸೇರಿಸದ ಕ್ರಮದಲ್ಲಿ ಕೆಲಸ ಮಾಡಬೇಕು.

ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳ ಪೈಕಿ ಶೇ. 87ರಷ್ಟು ಇಂದು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲ. ಹೊರಬಂದ ಆಟಗಳ ಗತಿಯೇ ಹೀಗಿರುವಾಗ, ಹೊರಬರದೆ ನಿಂತವುಗಳ ಲೆಕ್ಕವನ್ನು ಇಟ್ಟವರಾದರೂ ಯಾರು?

ಬಳ್ಳಾರಿ, ರಾಯಚೂರಿನಂಥ ಊರುಗಳಲ್ಲಿ ಇಂಥದ್ದೇನು ಸಿಕ್ಕೀತು ಎಂದು ಮೂಗು ಮುರಿಯುವವರು ಸಿಮ್‌ರಿಫೈನರಿ ಎಂಬ ಆಟದ ಕಥೆಯನ್ನು ತಿಳಿಯಬೇಕು. ನಗರ ಕಟ್ಟುವ ಆಟದಿಂದ ಹೆಸರಾದ ಮ್ಯಾಕ್ಸಿಸ್ ಕಂಪನಿಯ ವ್ಯವಹಾರ ವಿಭಾಗವು 1990ರ ದಶಕದ ಆರಂಭದಲ್ಲಿ ಶೆವ್ರಾನ್ ತೈಲ ಕಂಪನಿಗಾಗಿ, ಸಂಸ್ಕರಣಾಗಾರದ ಕೆಲಸವನ್ನು ನೌಕರರಿಗೆ ಅರ್ಥಮಾಡಿಸಲೆಂದು ಅದನ್ನು ಸಿದ್ಧಪಡಿಸಿತ್ತು. ಅದು ಎಂದೂ ಮಾರಾಟಕ್ಕೆ ಬರಲಿಲ್ಲ. ದಶಕಗಳ ಕಾಲ ಅದರ ಪ್ರತಿಯೇ ಇಲ್ಲವೆಂದು ಎಲ್ಲರೂ ನಂಬಿದ್ದರು. 2020ರಲ್ಲಿ ಅದು ಸಿಕ್ಕಿದ್ದು ಯಾವ ವಸ್ತುಸಂಗ್ರಹಾಲಯದಲ್ಲೂ ಅಲ್ಲ, ನಿವೃತ್ತ ಕೆಮಿಕಲ್ ಎಂಜಿನಿಯರ್ ಒಬ್ಬರು ಇಟ್ಟುಕೊಂಡಿದ್ದ ಫ್ಲಾಪಿಯಲ್ಲಿ. ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನದ ಗಣಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇವುಗಳಲ್ಲಿ ದುಡಿದು ನಿವೃತ್ತರಾದ ಎಂಜಿನಿಯರುಗಳು ನಮ್ಮ ಓಣಿಗಳಲ್ಲಿಯೇ ಇದ್ದಾರೆ. ಅವರಲ್ಲಿ ಅಂಥ ಫ್ಲಾಪಿ ಇದ್ದೇ ಇದೆ ಎಂದು ನಾನು ಹೇಳುತ್ತಿಲ್ಲ. ಕೇಳದೆಯೇ ಇಲ್ಲವೆಂದು ತೀರ್ಮಾನಿಸುವುದು ತರವಲ್ಲ ಎನ್ನುತ್ತಿದ್ದೇನೆ.

ಹಂತ 1: ಹುಡುಕುತ್ತಿರುವುದು ಏನನ್ನು?

ಕಳೆದುಹೋದ ಆಟ ಎಂಬ ಒಂದೇ ಮಾತಿನೊಳಗೆ ಬೇರೆ ಬೇರೆ ಬಗೆಗಳು ಅಡಗಿವೆ. ಅರ್ಧಕ್ಕೆ ನಿಂತವು, ಪೂರ್ಣಗೊಂಡೂ ಮಾರಾಟಕ್ಕೆ ಬಾರದವು, ಒಂದು ಸಂಸ್ಥೆಯ ಒಳಬಳಕೆಗೆಂದೇ ಮಾಡಿದವು, ಮಾರಾಟವಾಗಿಯೂ ಈಗ ಒಂದು ಪ್ರತಿಯೂ ಸಿಗದವು. ಮುಂದೆ ಇಡ್ ಸಾಫ್ಟ್‌ವೇರ್ ಎಂಬ ಆಟದ ಕಂಪನಿಯನ್ನು ಸ್ಥಾಪಿಸಿದ ಗೆಳೆಯರು 1990ರಲ್ಲಿ ಜಪಾನಿನ ನಿಂಟೆಂಡೋ ಕಂಪನಿಯ ಸೂಪರ್ ಮಾರಿಯೋ ಬ್ರದರ್ಸ್ 3 ಆಟವನ್ನು ಪಿಸಿಗೆ ತಂದು ಮಾದರಿಯೊಂದನ್ನು ನಿಂಟೆಂಡೋಗೇ ತೋರಿಸಿದರು. ನಿಂಟೆಂಡೋ ಒಪ್ಪಲಿಲ್ಲ. ಆ ಮಾದರಿಯ ಫ್ಲಾಪಿ 2021ರಲ್ಲಿ ಅಮೆರಿಕದ ಸ್ಟ್ರಾಂಗ್ ಮ್ಯೂಸಿಯಂ ಸೇರಿತು. ಇದು ಕೈಯಲ್ಲಿ ಹಿಡಿಯಬಹುದಾದ, ಚಾಲೂ ಮಾಡಿ ನೋಡಬಹುದಾದ ವಸ್ತು.

ಇನ್ನೊಂದು ಬದಿಯಲ್ಲಿ ಲಿವರ್‌ಪೂಲಿನ ಇಮ್ಯಾಜಿನ್ ಸಾಫ್ಟ್‌ವೇರ್ ಕಂಪನಿಯ ಬ್ಯಾಂಡರ್‌ಸ್ನ್ಯಾಚ್ ಎಂಬ ಆಟ ಇದೆ. ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಮನೆಬಳಕೆಯ ಕಂಪ್ಯೂಟರಿಗಾಗಿ ಪ್ರತ್ಯೇಕ ಹಾರ್ಡ್‌ವೇರ್ ಸಮೇತ ಬರಲಿದೆ ಎಂದು ಪತ್ರಿಕೆಗಳಲ್ಲಿ ಜಾಹೀರಾತು ಬಂದಿತ್ತು. 1984ರ ಜುಲೈನಲ್ಲಿ ಕಂಪನಿಯೇ ದಿವಾಳಿಯಾಯಿತು. ಜಾಹೀರಾತು ಇತ್ತು ಎಂಬುದರಿಂದ ಆಟವೂ ಸಿದ್ಧವಾಗಿತ್ತು ಎಂದಾಗುವುದಿಲ್ಲ. ಆ ಯೋಜನೆಯ ಕಲ್ಪನೆಗಳು ಮುಂದೆ ಬ್ರಟಾಕಸ್ ಎಂಬ ಬೇರೊಂದು ಆಟದಲ್ಲಿ ಸೇರಿಕೊಂಡವು. ಮೂರನೆಯದಾಗಿ ಶುದ್ಧ ವದಂತಿಗಳೂ ಇವೆ: 1981ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಪಾಲಿಬಿಯಸ್ ಎಂಬ ಆಟದ ಯಂತ್ರವು ಆಡಿದವರ ತಲೆ ಕೆಡಿಸುತ್ತಿತ್ತು ಎಂಬ ಕಥೆಗೆ ಈವರೆಗೆ ಒಂದೇ ಒಂದು ಪುರಾವೆಯೂ ದೊರೆತಿಲ್ಲ.

ಆದ್ದರಿಂದ ಹುಡುಕಾಟ ಆರಂಭಿಸುವ ದಿನವೇ ಒಂದು ನೋಟ್‌ಬುಕ್ ಇಟ್ಟು, ಅದರಲ್ಲಿ ಬರೆಯುವ ಪ್ರತಿ ಹೇಳಿಕೆಯ ಮುಂದೆ ಅದು ಕಣ್ಣಾರೆ ಕಂಡದ್ದೋ, ಇನ್ನೊಬ್ಬರಿಂದ ಕೇಳಿದ್ದೋ, ನೀವೇ ಊಹಿಸಿದ್ದೋ ಎಂದು ಗುರುತು ಹಾಕಿರಿ. ಈ ಮೂರು ಒಮ್ಮೆ ಬೆರೆತುಹೋದರೆ ಆಮೇಲೆ ಬೇರ್ಪಡಿಸುವುದು ಸಾಧ್ಯವೇ ಇಲ್ಲ.

ಹಂತ 2: ಎಲ್ಲಿ ಕೇಳಬೇಕು, ಯಾವಾಗ ಕೇಳಬೇಕು

ಕಾಲವೇ ಇಲ್ಲಿ ಮುಖ್ಯ. ಕಚೇರಿ, ಅಂಗಡಿಗಳ ಹಳೆಯ ಸಾಮಾನು ಹೊರಬೀಳುವುದು ಆಯುಧ ಪೂಜೆಗೆ ಮೊದಲು. ಮನೆಗಳ ಅಟ್ಟ ಖಾಲಿಯಾಗುವುದು ದೀಪಾವಳಿ, ಯುಗಾದಿಗಳ ಸುಣ್ಣ-ಬಣ್ಣದ ವೇಳೆ. ಅದಕ್ಕೆ ಎರಡು ವಾರ ಮೊದಲೇ ಪರಿಚಿತರಿಗೆ ಹೇಳಿಟ್ಟರೆ ಫ್ಲಾಪಿ ಡಬ್ಬಿ ನಿಮ್ಮ ಮನೆಗೆ ಬರುತ್ತದೆ, ತಡವಾದರೆ ಗುಜರಿ ಅಂಗಡಿಗೆ ಹೋಗುತ್ತದೆ. ಗುಜರಿಯವರಿಗೆ ಫ್ಲಾಪಿಯಿಂದ ಏನೂ ಹುಟ್ಟುವುದಿಲ್ಲ. ಅವರಿಗೆ ಬೇಕಾದದ್ದು ಸಿಪಿಯು ಡಬ್ಬಿಯ ತಗಡು, ತಾಮ್ರ ಮತ್ತು ಬೋರ್ಡು. ಹಾರ್ಡ್ ಡಿಸ್ಕನ್ನು ಒಡೆಯುವ ಮುನ್ನ ಒಂದು ಮಾತು ತಿಳಿಸಿರೆಂದು ನಂಬರು ಕೊಟ್ಟುಬಂದರೆ ಹೆಚ್ಚಿನವರು ನೆನಪಿಟ್ಟು ಕರೆ ಮಾಡುತ್ತಾರೆ.

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟುಗಳು, ತೊಂಬತ್ತರ ದಶಕದ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಟರ್ಬೊ ಸಿ ಅಥವಾ ಕ್ಯೂಬೇಸಿಕ್ ಎಂಬ ಪ್ರೋಗ್ರಾಂ ಬರೆಯುವ ಸಾಧನಗಳಲ್ಲಿ ವಿದ್ಯಾರ್ಥಿಗಳು ಬರೆದ ಹಾವಿನ ಆಟ, ಕ್ರಿಕೆಟ್ ಆಟಗಳು ಬಿಡುಗಡೆಯಾಗದ ಆಟಗಳೇ. ಅವುಗಳಿಗೆ ಬೆಲೆ ಇಲ್ಲವೆಂದು ಮೊದಲು ಭಾವಿಸುವವರು ಬರೆದವರೇ. ಶಾಲೆಗಳ ಮಟ್ಟದಲ್ಲಿ 1984ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆಯಡಿ ದೇಶದ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರುಗಳು ಬಂದಿದ್ದವು. ಪುಣೆಯ ಡೆಸಿಬೆಲ್ಸ್ ಕಂಪನಿಯು ಸ್ಪೆಕ್ಟ್ರಮ್ ಪ್ಲಸ್ ಅನ್ನು ಭಾರತದಲ್ಲಿಯೇ ಮಾರಿತ್ತು. ಇಂಥ ಕಂಪ್ಯೂಟರುಗಳ ಪ್ರೋಗ್ರಾಂಗಳನ್ನು ಹಾಡಿನ ಕ್ಯಾಸೆಟ್ಟಿನಲ್ಲಿಯೂ ಉಳಿಸಿಡಬಹುದಾಗಿತ್ತು. ಆ ಕಾಲದ ಶಿಕ್ಷಕರು ಈಗ ನಿವೃತ್ತರು. ಅವರ ಕಪಾಟಿನಲ್ಲಿರುವ ಕ್ಯಾಸೆಟ್ಟಿನ ಮೇಲೆ ಹಾಡಿನ ಹೆಸರಿದ್ದರೂ ಒಳಗೆ ಪ್ರೋಗ್ರಾಂ ಇರಬಹುದು.

ಕೇಳುವ ರೀತಿಯ ಬಗ್ಗೆ ಒಂದು ಮಾತು. "ನಿಮ್ಮಲ್ಲಿ ಹಳೆಯ ಆಟಗಳಿವೆಯೇ?" ಎಂದರೆ "ಇಲ್ರೀ, ಎಲ್ಲಾ ಯಾವಾಗೋ ಒಗದ್ವಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. "ಸರ್, ಆ ಗೇಮ್ ಚಾಲೂ ಮಾಡಾಕ ಏನು ಟೈಪ್ ಮಾಡ್ತಿದ್ರಿ?" ಎಂದು ಕೇಳಿ ನೋಡಿರಿ. ಬೆರಳಿಗೆ ಅಂಟಿದ ನೆನಪು ಬೇಗ ಅಳಿಯುವುದಿಲ್ಲ. ಫೈಲಿನ ಹೆಸರು, ಫೋಲ್ಡರಿನ ಹೆಸರು, ಕೆಲವೊಮ್ಮೆ ಪಾಸ್‌ವರ್ಡ್ ಸಹ ಹೊರಬರುತ್ತದೆ. ಅದರ ಬೆನ್ನಿಗೇ ಆ ಕಂಪ್ಯೂಟರಿಗೆ ಹಾರ್ಡ್ ಡಿಸ್ಕ್ ಇತ್ತೇ, ಪರದೆ ಕಪ್ಪು-ಬಿಳುಪಿನದೇ, ಇನ್ಯಾರು ಆಡುತ್ತಿದ್ದರು ಎಂದು ಕೇಳಿರಿ. ಇಸವಿ ನೆನಪಾಗದಿದ್ದರೆ ಯಾವ ಸೆಮಿಸ್ಟರು, ಯಾವ ಗವಿಮಠದ ಜಾತ್ರೆಯ ಸುಮಾರು, ಮನೆಗೆ ಫೋನು ಬರುವ ಮೊದಲೋ ಆಮೇಲೋ ಎಂದು ಕೇಳಿದರೆ ವರ್ಷ ತಾನಾಗಿ ಹತ್ತಿರ ಬರುತ್ತದೆ.

ಹಂತ 3: ವಸ್ತು ಕೈಗೆ ಬಂದ ದಿನ ಮಾಡಬೇಕಾದದ್ದು

ಕಂಪ್ಯೂಟರಿಗೆ ಹಾಕಿ ನೋಡುವ ಆತುರ ಬೇಡ. ಮೊದಲು ಡಬ್ಬಿ ಇದ್ದ ಸ್ಥಿತಿಯಲ್ಲಿಯೇ ಫೋಟೊ ತೆಗೆಯಿರಿ. ಯಾವ ಫ್ಲಾಪಿಯ ಪಕ್ಕ ಯಾವುದಿತ್ತು ಎಂಬುದೂ ಒಂದು ಮಾಹಿತಿ. ಆಮೇಲೆ ಪ್ರತಿಯೊಂದರ ಎರಡೂ ಬದಿ, ಲೇಬಲ್, ಕವರು, ಜತೆಗಿದ್ದ ಚೀಟಿ ಎಲ್ಲದರ ಫೋಟೊ ತೆಗೆದು, ಪೆನ್ಸಿಲಿನಿಂದ ಕವರಿನ ಮೇಲೆ ಕ್ರಮಸಂಖ್ಯೆ ಹಾಕಿರಿ. 5¼ ಇಂಚಿನ ಫ್ಲಾಪಿಯ ಮೈಮೇಲೆ ಬಾಲ್‌ಪೆನ್ನಿನಿಂದ ಬರೆದರೆ ಒಳಗಿನ ತಟ್ಟೆಗೆ ಗೆರೆ ಬೀಳುತ್ತದೆ. ಕೊಟ್ಟವರಿಗೆ ಎಷ್ಟು ವಸ್ತು, ಯಾವ ಷರತ್ತಿನ ಮೇಲೆ, ಎಂದು ಹಿಂದಿರುಗಿಸುವಿರಿ ಎಂಬ ಒಂದು ಸಾಲಿನ ರಸೀದಿ ಕೊಡಿರಿ.

ನೋಟ್‌ಬುಕ್ಕಿನ ನಮೂದು ಹೀಗಿದ್ದರೆ ಸಾಕು: "ಫ್ಲಾಪಿ 7. 5¼ ಇಂಚು, ಎರಡು ಬದಿ, ಡಬಲ್ ಡೆನ್ಸಿಟಿ. ಲೇಬಲ್ ಮೇಲೆ ನೀಲಿ ಶಾಯಿಯಲ್ಲಿ 'ಗೇಮ್ ಫೈನಲ್ 2', ಅದರ ಕೆಳಗೆ ಹೊಡೆದುಹಾಕಿದ 'ಪೇರೋಲ್'. ರೈಟ್ ಪ್ರೊಟೆಕ್ಟ್ ಇರಲಿಲ್ಲ, ನಾನು ಪಟ್ಟಿ ಅಂಟಿಸಿದೆ. ಬೂಷ್ಟು ಇಲ್ಲ, ಕೆಂಪು ಧೂಳು ಇದೆ." ಹೊಡೆದುಹಾಕಿದ ಆ 'ಪೇರೋಲ್' ಎಂಬ ಪದ, ಫ್ಲಾಪಿ ಮೊದಲು ಯಾವುದೋ ಕಚೇರಿಯ ಸಂಬಳ ವಿಭಾಗದಲ್ಲಿತ್ತು ಎಂಬುದನ್ನು ಸೂಚಿಸುತ್ತದೆ, ಇಂಥದ್ದನ್ನು ನೆನಪಿಗೆ ಬಿಡದೆ ಅಲ್ಲಿಯೇ ಬರೆದಿಡಬೇಕು.

ರೈಟ್ ಪ್ರೊಟೆಕ್ಟ್, ಅಂದರೆ ಫ್ಲಾಪಿಯ ಮೇಲೆ ಏನೂ ಬರೆಯದಂತೆ ತಡೆಯುವ ವಿಷಯದಲ್ಲಿ ಎರಡು ಬಗೆಯ ಫ್ಲಾಪಿಗಳೂ ಪರಸ್ಪರ ವಿರುದ್ಧ. 5¼ ಇಂಚಿನದರ ಅಂಚಿನ ಕಚ್ಚನ್ನು ಪಟ್ಟಿ ಅಂಟಿಸಿ ಮುಚ್ಚಬೇಕು, 3½ ಇಂಚಿನದರ ಮೂಲೆಯ ಚಿಟಕವನ್ನು ಸರಿಸಿ ತೂತು ಕಾಣುವಂತೆ ತೆರೆಯಬೇಕು. ಇದನ್ನು ಮಾಡದೆ ವಿಂಡೋಸ್ 95 ಇರುವ ಕಂಪ್ಯೂಟರಿನಲ್ಲಿ ಫ್ಲಾಪಿಯನ್ನು ಬರಿದೆ ತೆರೆದು ನೋಡಿದರೂ ಅದು ಬೂಟ್ ಸೆಕ್ಟರಿನಲ್ಲಿ (ಫ್ಲಾಪಿಯ ಮೊಟ್ಟಮೊದಲ ಭಾಗದಲ್ಲಿ) ತನ್ನದೊಂದು ಗುರುತನ್ನು ಬರೆದುಬಿಡುತ್ತದೆ.

ನಮ್ಮ ಕಡೆಯ ಬಿಸಿಲು, ಧೂಳಿನ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ತಗಡಿನ ಚಾವಣಿಯ ಕೆಳಗಿಟ್ಟ ಕ್ಯಾಸೆಟ್ಟು ಡೊಂಕಾಗುತ್ತದೆ. ಸಂಡೂರಿನ ಕಡೆಯ ಅದಿರಿನ ಧೂಳು ಫ್ಲಾಪಿಯ ಒಳಗೆ ಹೋದರೆ ಡ್ರೈವಿನ ಓದುವ ಭಾಗವಾದ ಹೆಡ್ಡಿಗೂ ತಟ್ಟೆಗೂ ನಡುವೆ ಸಿಕ್ಕು ಉಜ್ಜುತ್ತದೆ. ಮನೆಯ ಒಳಕೋಣೆಯಲ್ಲಿ, ಇನ್ವರ್ಟರ್ ಮತ್ತು ಸ್ಪೀಕರುಗಳಿಂದ ದೂರದಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಳದ ಡಬ್ಬಿಯಲ್ಲಿಡಿರಿ. 2009ರ ನೆರೆಯಲ್ಲಿ ತುಂಗಭದ್ರೆ, ಕೃಷ್ಣೆಯ ದಂಡೆಯ ಮನೆಗಳಲ್ಲಿ ನೆಂದಂಥ ಡಬ್ಬಿ ಸಿಕ್ಕರೆ ಅದನ್ನು ಬಿಸಿಲಿಗೆ ಹಾಕಬಾರದು. ಕೆಸರು ಒಣಗಿ ಅಂಟಿದ್ದರೆ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು ನೆರಳಿನಲ್ಲಿ ಆರಿಸಬೇಕು.

ಹಂತ 4: ನಕಲು ತೆಗೆಯುವುದು

ಫ್ಲಾಪಿಯೊಳಗಿನ ಫೈಲುಗಳನ್ನು ಎಳೆದು ಹಾಕಿಕೊಳ್ಳುವುದನ್ನು ಹಲವರು ನಕಲು ಎಂದು ತಿಳಿಯುತ್ತಾರೆ. ಅದರಿಂದ ಅಳಿಸಿದ ಫೈಲುಗಳು, ಕಾಪಿ ಪ್ರೊಟೆಕ್ಷನ್, ಬೂಟ್ ಸೆಕ್ಟರ್, ಓದಲು ತಡವರಿಸುವ ಭಾಗ ಎಲ್ಲವೂ ಬಿಟ್ಟುಹೋಗುತ್ತವೆ. ಬೇಕಾಗಿರುವುದು ತಟ್ಟೆಯ ಮೇಲಿನ ಕಾಂತೀಯ ಬದಲಾವಣೆಗಳನ್ನೇ ಇದ್ದಂತೆ ದಾಖಲಿಸುವ ಫ್ಲಕ್ಸ್ ಇಮೇಜ್. ಗ್ರೀಸ್‌ವೀಝಲ್ ಎಂಬ ಪುಟ್ಟ ಬೋರ್ಡು ಹಳೆಯ ಫ್ಲಾಪಿ ಡ್ರೈವನ್ನು ಯುಎಸ್‌ಬಿ ಮೂಲಕ ಈಗಿನ ಕಂಪ್ಯೂಟರಿಗೆ ಜೋಡಿಸಿ ಈ ಕೆಲಸ ಮಾಡುತ್ತದೆ. ಕ್ರಯೋಫ್ಲಕ್ಸ್, ಸೂಪರ್‌ಕಾರ್ಡ್ ಪ್ರೊ ಇವೂ ಇವೆ. ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಯುಎಸ್‌ಬಿ ಫ್ಲಾಪಿ ಡ್ರೈವು ಇದಕ್ಕೆ ಪರ್ಯಾಯವಲ್ಲ: ಅದು 3½ ಇಂಚಿನ ಪಿಸಿ ಫ್ಲಾಪಿಗಳನ್ನು ಬಿಟ್ಟರೆ ಬೇರೇನನ್ನೂ ಓದಲಾರದು. ಬಿಬಿಸಿ ಮೈಕ್ರೊದ ಸಿಂಗಲ್ ಡೆನ್ಸಿಟಿ ಫ್ಲಾಪಿಗಳನ್ನಂತೂ ಎಷ್ಟೋ ಪಿಸಿಗಳ ಸ್ವಂತ ಕಂಟ್ರೋಲರುಗಳೇ ಓದುವುದಿಲ್ಲ, ಫ್ಲಕ್ಸ್ ವಿಧಾನದಲ್ಲಿ ಅವೂ ಸಿಗುತ್ತವೆ.

ಡ್ರೈವು ಎಲ್ಲಿ ಸಿಗುತ್ತದೆ? ಬೆಂಗಳೂರಿನ ಎಸ್‌ಪಿ ರೋಡು, ರಾಯಚೂರಿನವರಿಗೆ ಹತ್ತಿರವಾಗುವ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಇವುಗಳನ್ನು ಎಲ್ಲರೂ ಬಲ್ಲರು. ಬಳ್ಳಾರಿಯವರು ಮೊದಲು ಜೀನ್ಸ್ ಘಟಕಗಳಲ್ಲಿ ವಿಚಾರಿಸುವುದು ಒಳ್ಳೆಯದು. ಕಂಪ್ಯೂಟರ್ ಎಂಬ್ರಾಯ್ಡರಿ ಯಂತ್ರಗಳು ಡಿಸೈನುಗಳನ್ನು ಫ್ಲಾಪಿಯಿಂದಲೇ ಓದುತ್ತಿದ್ದುದರಿಂದ, ಕಚೇರಿಗಳಲ್ಲಿ ಫ್ಲಾಪಿ ಮಾಯವಾದ ಎಷ್ಟೋ ವರ್ಷಗಳ ತನಕ ಆ ಯಂತ್ರಗಳಲ್ಲಿ 3½ ಇಂಚಿನ ಡ್ರೈವುಗಳು ದುಡಿಯುತ್ತಿದ್ದವು. ಅವನ್ನು ರಿಪೇರಿ ಮಾಡುವವರಿಗೆ ಹೆಡ್ಡು ಒರೆಸುವ ಕೈಚಳಕವೂ ಗೊತ್ತಿರುತ್ತದೆ.

5¼ ಇಂಚಿಗೆ 1.2 ಎಂಬಿ ಡ್ರೈವು ಸಾಕು. ಅದು 80 ಟ್ರ್ಯಾಕಿನದು (ಟ್ರ್ಯಾಕ್ ಎಂದರೆ ತಟ್ಟೆಯ ಮೇಲೆ ದತ್ತಾಂಶ ಬರೆಯುವ ವೃತ್ತಾಕಾರದ ಗೆರೆ). 40 ಟ್ರ್ಯಾಕಿನ 360 ಕೆಬಿ ಫ್ಲಾಪಿಯನ್ನು ಒಂದು ಬಿಟ್ಟು ಒಂದು ಹೆಜ್ಜೆ ಹಾಕಿ ಓದುತ್ತದೆ. ಆದರೆ ಅದೇ ಡ್ರೈವಿನಲ್ಲಿ ಆ ಫ್ಲಾಪಿಯ ಮೇಲೆ ಬರೆದರೆ, ಕಿರಿದಾದ ಹೆಡ್ಡು ಅಗಲವಾದ ಹಳೆಯ ಗೆರೆಯ ನಡುವೆ ಹೊಸದನ್ನು ಕೊರೆದು ಎರಡನ್ನೂ ಕೆಡಿಸುತ್ತದೆ. ಮೊದಲು ಬೆಲೆಯಿಲ್ಲದ ಖಾಲಿ ಫ್ಲಾಪಿಯೊಂದನ್ನು ಓದಿಸಿ ಡ್ರೈವು ತಟ್ಟೆಯನ್ನು ಗೀರುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ಮುಖ್ಯವಾದದ್ದನ್ನು ಹಾಕಿರಿ. ಪ್ರತಿ ಟ್ರ್ಯಾಕನ್ನು ಕನಿಷ್ಠ ಮೂರು ಸುತ್ತು ಓದಿಸಿರಿ. ಕಿರ್ ಎಂಬ ಸದ್ದು ಕೇಳಿದರೆ ತಕ್ಷಣ ನಿಲ್ಲಿಸಿ, ಫ್ಲಾಪಿಯನ್ನು ಹೊರತೆಗೆದು, ಫ್ಲಾಪಿಯ ಕಿಟಕಿಯಂಥ ಸೀಳಿನ ಮೂಲಕ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿರಿ: ಬೂಷ್ಟು ಬೂದು ಮಚ್ಚೆಗಳಾಗಿ ಕಾಣುತ್ತದೆ. ನಡುವಿನ ತೂತಿಗೆ ಬೆರಳಿಟ್ಟು ತಟ್ಟೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಒತ್ತಡವಿಲ್ಲದೆ ಒರೆಸಿ, ಪೂರಾ ಆರಿದ ಮೇಲೆ ಮತ್ತೆ ಪ್ರಯತ್ನಿಸಬೇಕು. ಡ್ರೈವಿನ ಹೆಡ್ಡನ್ನೂ ಒರೆಸದೆ ಮುಂದಿನ ಫ್ಲಾಪಿಯನ್ನು ಹಾಕಬಾರದು, ಒಂದರ ಬೂಷ್ಟು ಇನ್ನೊಂದನ್ನು ಕೆರೆಯುತ್ತದೆ.

ಕ್ಯಾಸೆಟ್ಟಿನ ಕೆಲಸಕ್ಕೆ ತಾಳ್ಮೆಯೇ ಮುಖ್ಯ ಸಾಮಗ್ರಿ. ಒಳ್ಳೆಯ ಟೇಪ್ ಡೆಕ್ಕಿನ ಹೆಡ್ಡು, ರಬ್ಬರ್ ರೋಲರ್ ಒರೆಸಿ, ಡಾಲ್ಬಿ (ಗದ್ದಲ ತಗ್ಗಿಸುವ ಸೌಲಭ್ಯ) ಆಫ್ ಮಾಡಿ, ಕಂಪ್ಯೂಟರಿನ ಲೈನ್-ಇನ್‌ಗೆ ಜೋಡಿಸಿ, 44.1 ಕಿಲೋಹರ್ಟ್ಸ್ ಅಥವಾ ಅದಕ್ಕೂ ಹೆಚ್ಚಿನ ದರದಲ್ಲಿ ಡಬ್ಲ್ಯುಎವಿ ಆಗಿ ಸ್ಟೀರಿಯೊದಲ್ಲಿಯೇ ದಾಖಲಿಸಿರಿ. ಎಂಪಿ3 ಮಾಡಬಾರದು, ಗದ್ದಲ ತೆಗೆಯುವ ಫಿಲ್ಟರ್ ಹಾಕಬಾರದು. ಕಿವಿಗೆ ಗದ್ದಲವೆನಿಸುವುದೇ ಇಲ್ಲಿ ದತ್ತಾಂಶ. ಸದ್ದು ಮಂಕಾಗಿದ್ದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಚೀರುವ ದನಿ ಅತ್ಯಂತ ತೀಕ್ಷ್ಣವಾಗಿ ಕೇಳುವಲ್ಲಿ ನಿಲ್ಲಿಸಬೇಕು. ಎರಡೂ ಬದಿಗಳನ್ನು ಕೊನೆಯ ತನಕ ಓಡಿಸಿರಿ. ಹತ್ತು ನಿಮಿಷದ ಮೌನದ ನಂತರ ಮತ್ತೊಂದು ಪ್ರೋಗ್ರಾಂ ಇರುವುದುಂಟು.

ಸ್ಪೆಕ್ಟ್ರಮ್ ಕ್ಯಾಸೆಟ್ಟಿನಲ್ಲಿ ಸುಮಾರು ಐದು ಸೆಕೆಂಡುಗಳ ಒಂದೇ ಸಮನೆಯ ಸ್ವರದ ಬಳಿಕ ಬರುವ 17 ಬೈಟುಗಳ ಹೆಡರ್ ಒಳಗೆ ಹತ್ತು ಅಕ್ಷರಗಳ ಹೆಸರು ಇರುತ್ತದೆ. ಟೇಪಿನ ಉಳಿದ ಭಾಗ ಪೂರ್ತಿ ಹಾಳಾಗಿದ್ದರೂ ಇಷ್ಟು ಓದಿಬಂದರೆ ಆ ಆಟದ ಹೆಸರು, ಪ್ರೋಗ್ರಾಮಿನ ಉದ್ದ ದಾಖಲೆಗೆ ಸಿಕ್ಕಂತಾಯಿತು. ಕಚ್ಚಾ ಡಬ್ಲ್ಯುಎವಿಯನ್ನು ಇಟ್ಟುಕೊಂಡೇ, ಸ್ಪೆಕ್ಟ್ರಮ್‌ಗೆ ಟಿಝಡ್‌ಎಕ್ಸ್, ಬಿಬಿಸಿ ಮೈಕ್ರೊಗೆ ಯುಇಎಫ್, ಕೊಮೊಡೋರ್‌ಗೆ ಟಿಎಪಿ ಮಾದರಿಗೆ ಬದಲಾಯಿಸಿಕೊಳ್ಳಿರಿ.

ಹಾರ್ಡ್ ಡಿಸ್ಕ್ ಮತ್ತು ಸಿಡಿಗಳಿಗೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಸಾಕು. ಅದು ಚೆನ್ನಾಗಿರುವ ಭಾಗವನ್ನು ಮೊದಲು ಓದಿಕೊಂಡು ಕೆಟ್ಟ ಭಾಗಕ್ಕೆ ಆಮೇಲೆ ಮರಳುತ್ತದೆ. ಆಟದ ಯಂತ್ರಗಳಲ್ಲಿ ಪ್ರೋಗ್ರಾಂ ಇಟ್ಟಿರುವ ಇಪ್ರಾಮ್ ಚಿಪ್ ಸಿಕ್ಕರೆ ಅದರ ಗಾಜಿನ ಕಿಟಕಿಯ ಮೇಲಿನ ಸ್ಟಿಕ್ಕರನ್ನು ಕೀಳಬೇಡಿರಿ, ಬಿಸಿಲಿನ ನೇರಳಾತೀತ ಕಿರಣವೇ ಅದನ್ನು ಅಳಿಸಬಲ್ಲದು.

ಹಂತ 5: ಇಮೇಜಿಗೆ ಮುದ್ರೆ ಹಾಕಿ, ನಕಲಿನ ಮೇಲೆ ಮಾತ್ರ ಕೈಯಾಡಿಸಿ

ಇಮೇಜ್ ತಯಾರಾದ ಕ್ಷಣವೇ ಅದರ ಎಸ್‌ಎಚ್‌ಎ-256 ಹ್ಯಾಶ್ (ಫೈಲಿಗೆ ಬೆರಳಚ್ಚಿನಂತಿರುವ ಸಂಖ್ಯೆ) ಲೆಕ್ಕಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡಿರಿ. ಮುಂದೆ ಒಂದು ಬಿಟ್ ಬದಲಾದರೂ ಹ್ಯಾಶ್ ಬದಲಾಗುತ್ತದೆ. ಆಮೇಲಿನ ಎಲ್ಲ ಪರೀಕ್ಷೆಯೂ ಇನ್ನೊಂದು ನಕಲಿನ ಮೇಲೆ ನಡೆಯಲಿ.

ವಿಂಡೋಸ್‌ಗೆ ಮೊದಲು ಪಿಸಿಗಳನ್ನು ನಡೆಸುತ್ತಿದ್ದ ಡಾಸ್‌ನಲ್ಲಿ ಫೈಲನ್ನು ಅಳಿಸಿದಾಗ ಅದರ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಬೀಳುತ್ತದೆಯೇ ಹೊರತು ಒಳಗಿನದು ಬೇರೆ ಫೈಲು ಬಂದು ಕೂರುವವರೆಗೂ ಹಾಗೆಯೇ ಇರುತ್ತದೆ. ಫ್ಲಾಪಿಗೆ ದುಡ್ಡು ಕೊಡಬೇಕಾಗಿದ್ದ ಕಾಲದಲ್ಲಿ ಒಂದನ್ನೇ ಹಲವು ಸಲ ಅಳಿಸಿ ಬಳಸುತ್ತಿದ್ದುದರಿಂದ, ಈಗಿನ ಆಟದ ಕೆಳಗೆ ಅದರ ಹಿಂದಿನ ಆವೃತ್ತಿಯ ಸೋರ್ಸ್ ಕೋಡ್ (ಲೇಖಕರು ಬರೆದ ಮೂಲ ಪ್ರೋಗ್ರಾಂ) ತುಣುಕು ತುಣುಕಾಗಿ ಸಿಗಬಹುದು. ಫೈಲಿನ ಒಂದೊಂದು ಬೈಟನ್ನೂ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ಇಮೇಜನ್ನು ಮೊದಲಿನಿಂದ ಕೊನೆಯ ತನಕ ಒಮ್ಮೆ ಕಣ್ಣಾಡಿಸಿರಿ. ಬೇಸರದ ಕೆಲಸ, ಆದರೆ ಇಡೀ ಪ್ರಕ್ರಿಯೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದೇ.

ವೈರಸ್ ಸಿಕ್ಕರೆ ಮೂಲ ಇಮೇಜಿನಿಂದ ತೆಗೆಯಬಾರದು. 1990ರಲ್ಲಿ ಭಾರತದಲ್ಲಿ ಪತ್ತೆಯಾದ ಜೋಶಿ ವೈರಸ್ ಬೂಟ್ ಸೆಕ್ಟರಿನಲ್ಲಿ ಕುಳಿತು, ಜನವರಿ 5ರಂದು ಕಂಪ್ಯೂಟರ್ ಬಳಸಿದವರಿಂದ ಹ್ಯಾಪಿ ಬರ್ತ್‌ಡೇ ಜೋಶಿ ಎಂದು ಟೈಪ್ ಮಾಡಿಸಿಕೊಂಡೇ ಬಿಡುತ್ತಿತ್ತು. ಅದು ಇರುವ ಫ್ಲಾಪಿ ಸುಮಾರು ಆ ಹೊತ್ತಿನಲ್ಲೋ ಆಮೇಲೋ ಬಳಕೆಯಲ್ಲಿತ್ತು ಎಂಬ ಸಾಕ್ಷ್ಯ ಅದರಿಂದಲೇ ಸಿಗುತ್ತದೆ. ವೈರಸ್ ಇದೆಯೆಂದು ಫೋಲ್ಡರಿನ ಹೆಸರಿನಲ್ಲಿಯೇ ಎಚ್ಚರಿಕೆ ಬರೆದಿಟ್ಟು, ಹಂಚುವ ಪ್ರತಿಯನ್ನು ಮಾತ್ರ ಶುದ್ಧಗೊಳಿಸಿರಿ.

ಹಂತ 6: ಚಾಲೂ ಮಾಡುವುದು

ಡಾಸ್ ಆಟಗಳಿಗೆ ಡಾಸ್‌ಬಾಕ್ಸ್, ಸ್ಪೆಕ್ಟ್ರಮ್‌ಗೆ ಫ್ಯೂಸ್, ಕೊಮೊಡೋರ್‌ಗೆ ವೈಸ್, ಬಿಬಿಸಿ ಮೈಕ್ರೊಗೆ ಬೀಬ್‌ಎಮ್ ಎಂಬ ಎಮ್ಯುಲೇಟರುಗಳಿವೆ, ಅಂದರೆ ಹಳೆಯ ಕಂಪ್ಯೂಟರನ್ನು ಈಗಿನದರಲ್ಲಿ ಅನುಕರಿಸುವ ಪ್ರೋಗ್ರಾಮುಗಳು. ಓಡದಿದ್ದರೆ ಪ್ರೋಗ್ರಾಂ ಕೆಟ್ಟಿದೆ ಎಂದುಕೊಳ್ಳುವ ಮುನ್ನ ನಮ್ಮ ಕಾಲೇಜುಗಳ ಅಭ್ಯಾಸವನ್ನು ನೆನೆಯಿರಿ. ಟರ್ಬೊ ಸಿಯಲ್ಲಿ ಬರೆದ ಗ್ರಾಫಿಕ್ಸ್ ಆಟವು ಚಾಲೂ ಆಗಲು ಇಜಿಎವಿಜಿಎ ಎಂಬ ಬಿಜಿಐ ಫೈಲು (ಪರದೆಯ ಮೇಲೆ ಚಿತ್ರ ಮೂಡಿಸುವ ಸಹಾಯಕ ಫೈಲು) ಬೇಕು, ಅದೂ ಕೋಡಿನಲ್ಲಿ ಬರೆದ ಜಾಗದಲ್ಲಿಯೇ ಇರಬೇಕು. ಆ ಜಾಗ ಹೆಚ್ಚುಕಡಿಮೆ ಎಲ್ಲರಲ್ಲೂ ಸಿ ಡ್ರೈವಿನ ಟಿಸಿ ಫೋಲ್ಡರಿನೊಳಗಿನ ಬಿಜಿಐ ಫೋಲ್ಡರ್. ವಿದ್ಯಾರ್ಥಿಗಳು ಇಎಕ್ಸ್‌ಇ ಫೈಲನ್ನಷ್ಟೇ ಫ್ಲಾಪಿಗೆ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದರು. ಎಮ್ಯುಲೇಟರಿನಲ್ಲಿ ಅದೇ ಹೆಸರಿನ ಫೋಲ್ಡರುಗಳನ್ನು ಮಾಡಿ ಆ ಫೈಲನ್ನು ಇಟ್ಟರೆ, ಗ್ರಾಫಿಕ್ಸ್ ನಾಟ್ ಇನಿಶಿಯಲೈಸ್ಡ್ ಎಂದು ಹಟ ಹಿಡಿದಿದ್ದ ಆಟ ಎದ್ದು ಕೂರುತ್ತದೆ. ಟರ್ಬೊ ಪ್ಯಾಸ್ಕಲ್‌ನದಾದರೆ ರನ್‌ಟೈಮ್ ಎರರ್ 200 ಬರುವುದು ಕಂಪ್ಯೂಟರ್ ಅತಿ ವೇಗವಾಗಿರುವುದರಿಂದ. ಎಮ್ಯುಲೇಟರಿನ ವೇಗ ತಗ್ಗಿಸಿದರೆ ಸರಿಹೋಗುತ್ತದೆ.

ಕನ್ನಡ ಅಕ್ಷರಗಳಿರುವ ಪ್ರೋಗ್ರಾಮುಗಳಿಗೆ ಹೆಚ್ಚಿನ ಎಚ್ಚರ ಬೇಕು. ಡಾಸ್ ಕಾಲದಲ್ಲಿ ಪರದೆಯ ಮೇಲೆ ಕನ್ನಡ ತೋರಿಸಲು ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡನ್ನು ಕಂಪ್ಯೂಟರಿನೊಳಗೆ ಕೂರಿಸಬೇಕಾಗಿತ್ತು. ಆ ಕಾರ್ಡಿಗಾಗಿ ಬರೆದ ಪ್ರೋಗ್ರಾಂ ಡಾಸ್‌ಬಾಕ್ಸಿನಲ್ಲಿ ಗೀಚುಗೀಚಾಗಿ ಕಾಣುತ್ತದೆ. ವಿಂಡೋಸ್ ಬಂದ ಮೇಲೆ ಬರಹ, ನುಡಿ, ಶ್ರೀಲಿಪಿಗಳಲ್ಲಿ ಯುನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತ) ಅಲ್ಲದ ಫಾಂಟುಗಳಲ್ಲಿ ಬರೆದದ್ದು, ಅದೇ ಫಾಂಟು ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಗೋಜಲಾಗುತ್ತದೆ. ಆಟದ ಜತೆ ಆ ಟಿಟಿಎಫ್ ಫಾಂಟನ್ನೂ ಉಳಿಸಿರಿ. ಅದು ಲೇಖಕರಲ್ಲಿ ಇಲ್ಲದಿದ್ದರೆ, ಊರಿನ ಹಳೆಯ ಡಿಟಿಪಿ ಅಂಗಡಿಯ ಯಾವುದೋ ಕಂಪ್ಯೂಟರಿನಲ್ಲಿ ಇನ್ನೂ ಇರುವ ಸಂಭವ ಬಹಳ.

ಓಡಿದ ಆಟದ ಪರದೆಗಳನ್ನು ಹಿಗ್ಗಿಸದೆ, ಮೆರುಗು ಕೊಡದೆ ಸೆರೆಹಿಡಿಯಿರಿ. ಯಾವ ಎಮ್ಯುಲೇಟರ್, ಯಾವ ಆವೃತ್ತಿ, ಯಾವ ಸೆಟ್ಟಿಂಗ್ ಎಂಬುದನ್ನೂ ಬರೆಯಿರಿ.

ಹಂತ 7: ಯಾವಾಗಿನದು, ಎಷ್ಟನೆಯದು

ಫೈಲುಗಳ ಮೇಲಿನ ದಿನಾಂಕವನ್ನು ಕಣ್ಣುಮುಚ್ಚಿ ನಂಬಬೇಡಿರಿ. ಎಲ್ಲ ಫೈಲುಗಳೂ 1980ರ ಜನವರಿ 1ರವು ಎಂದು ತೋರಿಸಿದರೆ ಅದರ ಅರ್ಥ ಆ ಕಂಪ್ಯೂಟರಿನ ಗಡಿಯಾರದ ಬ್ಯಾಟರಿ ಸತ್ತಿತ್ತು ಅಥವಾ ಗಡಿಯಾರವೇ ಇರಲಿಲ್ಲ ಎಂದು. ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಬದಲಿಸುವ ಕಂಪೈಲರ್ ತನ್ನ ಹೆಸರು ಮತ್ತು ಹಕ್ಕಿನ ವರ್ಷವನ್ನು ಇಎಕ್ಸ್‌ಇ ಫೈಲಿನೊಳಗೆ ಬಿಟ್ಟಿರುತ್ತದೆ. ಆಟ ಅದಕ್ಕಿಂತ ಹಳೆಯದಾಗಿರಲಾರದು. ಲೇಬಲ್, ಲೇಖಕರ ನೆನಪು, ಫ್ಲಾಪಿಯ ಬ್ರ್ಯಾಂಡು ಇವನ್ನೆಲ್ಲ ಎದುರುಬದುರು ಇಟ್ಟು, ಹೊಂದದಿದ್ದರೆ ಹೊಂದುವುದಿಲ್ಲವೆಂದೇ ದಾಖಲಿಸಿರಿ. ಎರಡು ಆವೃತ್ತಿ ಸಿಕ್ಕರೆ ಎರಡನ್ನೂ ಬೇರೆ ಬೇರೆ ಇಡಿರಿ. ಎರಡರಿಂದಲೂ ಒಳ್ಳೆಯ ಭಾಗ ತೆಗೆದು ಒಂದು "ಪೂರ್ಣ" ಆಟ ಕಟ್ಟುವ ಉತ್ಸಾಹಿಗಳು ಚರಿತ್ರೆಯಲ್ಲಿ ಇರದಿದ್ದ ಮೂರನೆಯದೊಂದನ್ನು ಸೃಷ್ಟಿಸುತ್ತಾರೆ.

ಹಂತ 8: ಕಾಗದ ಮತ್ತು ಬಾಯಿಮಾತು

ಆಟ ಯಾಕೆ ನಿಂತಿತು ಎಂಬುದಕ್ಕೆ ಉತ್ತರ ಫ್ಲಾಪಿಯೊಳಗೆ ಇರುವುದಿಲ್ಲ. ಪ್ರಾಜೆಕ್ಟ್ ವರದಿ, ಗ್ರಾಫ್ ಹಾಳೆಯಲ್ಲಿ ಚೌಕ ತುಂಬಿ ಬಿಡಿಸಿದ ಚಿತ್ರಗಳು, ಪತ್ರಗಳು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಉದ್ದನೆಯ ಕಾಗದ ಎಲ್ಲವನ್ನೂ 300 ಡಿಪಿಐಗೆ ಕಡಿಮೆಯಿಲ್ಲದಂತೆ ಸ್ಕ್ಯಾನ್ ಮಾಡಿರಿ. ಪ್ರಿಂಟ್ ಮಾಡಿದ ಕೋಡ್ ಸಿಕ್ಕರೆ ಅದನ್ನು ಟೈಪ್ ಮಾಡಿ ಆಟವನ್ನೇ ಮರಳಿ ಪಡೆಯಬಹುದು.

ಮಾತುಕತೆಯನ್ನು ಒಪ್ಪಿಗೆ ಪಡೆದು ಫೋನಿನಲ್ಲಿಯೇ ಧ್ವನಿಮುದ್ರಿಸಿಕೊಳ್ಳಿರಿ. ಆಟವನ್ನು ಅವರ ಮುಂದೆ ಓಡಿಸುವ ಮೊದಲು ಒಮ್ಮೆ, ಓಡಿಸಿದ ಮೇಲೆ ಒಮ್ಮೆ ಮಾತನಾಡಿಸುವುದು ನನ್ನ ಪದ್ಧತಿ. ಪರದೆ ಕಂಡ ಮೇಲೆ ನೆನಪುಗಳು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತವೆ. ಮೊದಲಿನ ಮಾತಿನಲ್ಲಿ ಫ್ಲಾಪಿಗೆ ಸೇರದೆ ಉಳಿದ ಹಂತಗಳು, ಕೈಬಿಟ್ಟ ಯೋಜನೆಗಳು ಬರುತ್ತವೆ. ಅವರಾಡಿದ ಕನ್ನಡವನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದಬೇಡಿರಿ.

ಹಂತ 9: ಹಕ್ಕು ಯಾರದು

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಗಳ ಸಾಲಿಗೆ ಸೇರುತ್ತದೆ; ರಕ್ಷಣೆ ಲೇಖಕರ ಜೀವಿತಾವಧಿ ಮತ್ತು ಅದರ ಮೇಲೆ 60 ವರ್ಷ. ಅಂದರೆ ನಮ್ಮ ಕೈಗೆ ಬರುವ ಯಾವ ಆಟವೂ ಹಕ್ಕಿನಿಂದ ಮುಕ್ತವಾಗಿಲ್ಲ. ವಿದ್ಯಾರ್ಥಿ ತನಗಾಗಿ ಬರೆದದ್ದು ಸಾಮಾನ್ಯವಾಗಿ ವಿದ್ಯಾರ್ಥಿಯದೇ. ನೌಕರಿಯ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, 17ನೇ ಕಲಮಿನ ಪ್ರಕಾರ ಮಾಲೀಕ ಸಂಸ್ಥೆಯದು. ಕಾನೂನುಬದ್ಧವಾಗಿ ಪ್ರತಿ ಹೊಂದಿದವರು ನಷ್ಟದಿಂದ ರಕ್ಷಿಸಲು ಬ್ಯಾಕಪ್ ಪ್ರತಿ ಮಾಡಿಕೊಳ್ಳಲು 52ನೇ ಕಲಂ ಅವಕಾಶ ಕೊಡುತ್ತದೆ. ಲೇಖಕರು ತೀರಿಕೊಂಡಿದ್ದರೆ ಅಥವಾ ಪತ್ತೆಯಾಗದಿದ್ದರೆ ಪರವಾನಗಿ ಕೋರುವ ದಾರಿ 31ಎ ಕಲಮಿನಲ್ಲಿದೆ.

ವ್ಯವಹಾರದಲ್ಲಿ ಇದರರ್ಥ ಇಷ್ಟು: ಉಳಿಸುವುದಕ್ಕೆ ಒಂದು ಒಪ್ಪಿಗೆ, ಎಲ್ಲರಿಗೂ ಹಂಚುವುದಕ್ಕೆ ಇನ್ನೊಂದು ಒಪ್ಪಿಗೆ, ಎರಡನ್ನೂ ಬರಹದಲ್ಲಿ ಪಡೆಯಿರಿ. ಕಾರ್ಖಾನೆಯ ಒಳಬಳಕೆಯ ಪ್ರೋಗ್ರಾಮಿನಲ್ಲಿ ಯಂತ್ರಗಳ ವಿವರ ಇರಬಹುದು, ಕಚೇರಿಯ ಫ್ಲಾಪಿಯಲ್ಲಿ ನೌಕರರ ಸಂಬಳದ ಪಟ್ಟಿ ಇರಬಹುದು. ಅಂಥ ಇಮೇಜುಗಳನ್ನು ಇದ್ದಂತೆಯೇ ಹೊರಬಿಡುವುದು ಸಲ್ಲದು.

ಹಂತ 10: ಇಡುವ ಜಾಗ

ಮೂರು ಪ್ರತಿ, ಎರಡು ಬೇರೆ ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ. ಬಳ್ಳಾರಿಯ ಮನೆಯಲ್ಲೊಂದು ಹಾರ್ಡ್ ಡಿಸ್ಕ್, ಬೆಂಗಳೂರಿನ ಬಂಧುಗಳ ಮನೆಯಲ್ಲಿ ಇನ್ನೊಂದು, ಒಂದು ಕ್ಲೌಡಿನಲ್ಲಿ. ವರ್ಷಕ್ಕೊಮ್ಮೆ ಹ್ಯಾಶ್ ತಾಳೆ ನೋಡಿರಿ. ಹಂಚಲು ಒಪ್ಪಿಗೆ ಇದ್ದರೆ ಇಂಟರ್ನೆಟ್ ಆರ್ಕೈವ್‌ಗೆ ಏರಿಸಬಹುದು, ಅಲ್ಲಿ ಹಳೆಯ ಆಟಗಳನ್ನು ಬ್ರೌಸರಿನಲ್ಲಿಯೇ ಓಡಿಸುವ ವ್ಯವಸ್ಥೆಯಿದೆ. ಫ್ಲಕ್ಸ್ ಇಮೇಜ್, ಫೋಟೊಗಳು, ಸ್ಕ್ಯಾನುಗಳು, ಸಂದರ್ಶನ, ನೋಟ್‌ಬುಕ್ಕಿನ ನಮೂದು ಎಲ್ಲ ಒಂದೇ ಫೋಲ್ಡರಿನಲ್ಲಿರಲಿ. ವಿವರಣೆಯ ಫೈಲನ್ನು ಯುನಿಕೋಡ್ ಕನ್ನಡದಲ್ಲಿ ಸಾದಾ ಟೆಕ್ಸ್ಟ್ ಆಗಿ ಬರೆಯಿರಿ.

ಹಂತ 11: ಆಟವೇ ಸಿಗದಿದ್ದರೆ

ಹೆಚ್ಚಿನ ಹುಡುಕಾಟಗಳು ಇಲ್ಲಿಗೇ ಬಂದು ನಿಲ್ಲುತ್ತವೆ, ಆದರೆ ದಾಖಲೆ ನಿಲ್ಲಬೇಕಾಗಿಲ್ಲ. 1964ರಲ್ಲಿ ಅಮೆರಿಕದ ಶಾಲಾ ಶಿಕ್ಷಕಿ ಮೇಬಲ್ ಆಡಿಸ್ ಬರೆದ ಸುಮೇರಿಯನ್ ಗೇಮ್‌ನ ಮೂಲ ಕೋಡ್ ಕಳೆದುಹೋಗಿದೆ. ಮಕ್ಕಳು ಆಡಿದಾಗ ಟೆಲಿಪ್ರಿಂಟರ್ ಕಾಗದದ ಮೇಲೆ ಮೂಡಿದ ಮುದ್ರಣಗಳಲ್ಲಿ ಕೆಲವು ಉಳಿದಿರುವುದರಿಂದ, ಪ್ರಾಚೀನ ನಗರದ ಧಾನ್ಯವನ್ನು ಹೇಗೆ ಹಂಚಬೇಕೆಂದು ಆ ಆಟ ಕೇಳುತ್ತಿದ್ದ ಪ್ರಶ್ನೆಗಳು ನಮಗೆ ತಿಳಿದಿವೆ.

ಅದೇ ರೀತಿ, ಸಿಗದ ಆಟಕ್ಕೂ ಒಂದು ಫೋಲ್ಡರ್ ಮಾಡಿರಿ. ಹೆಸರು, ಬರೆದವರು, ಯಂತ್ರ, ಭಾಷೆ, ಆಡಿದವರು ಹೇಳಿದ ಪರದೆಯ ವಿವರ, ಅವರಿಂದಲೇ ಕಾಗದದ ಮೇಲೆ ಬಿಡಿಸಿದ ಚಿತ್ರ. ಇಬ್ಬರು ಬೇರೆ ಬೇರೆ ಹೇಳಿದರೆ ಎರಡೂ ಇರಲಿ. ಎಲ್ಲೆಲ್ಲಿ ಹುಡುಕಿದಿರಿ, ಯಾವ ತಾರೀಖು, ಅಲ್ಲಿ ಏನೆಂದರು, ಯಾವ ಫ್ಲಾಪಿ ಓದಲು ಬರಲಿಲ್ಲ ಎಂಬುದನ್ನು ತಪ್ಪದೆ ಬರೆಯಿರಿ. ಓದಲು ಬಾರದ ಫ್ಲಾಪಿಯನ್ನು ಎಸೆಯದೆ, ಕ್ರಮಸಂಖ್ಯೆ ಸಮೇತ ಕೊಟ್ಟವರಿಗೆ ಹಿಂದಿರುಗಿಸಿ, ಮುಂದೆ ಬೇರೆ ಡ್ರೈವಿನಲ್ಲಿ ಓದಿಸಲು ಅದನ್ನು ಮತ್ತೊಮ್ಮೆ ಕೇಳಿಕೊಂಡು ಬರುವುದಾಗಿ ತಿಳಿಸಿ, ಅವರ ಮಕ್ಕಳ ಫೋನ್ ನಂಬರನ್ನೂ ಪಡೆದುಕೊಂಡು ಬನ್ನಿರಿ.